ಗಂಟಿಗೆ ಗೊತ್ತಿದ್ದದ್ದು

ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಲ್ಯಾಬಿನಲ್ಲಿ ಎಲ್ಲರೂ ಹೇಳುತ್ತಾರೆ. ಇರಲಿ ಬಿಡಿ. ಇಪ್ಪತ್ತಾರು ವರ್ಷದಿಂದ ಜನರ ಮೈಯಿಂದ ತೆಗೆದ ಚೂರುಗಳನ್ನು ಕೊಯ್ದು, ಮೇಣದಲ್ಲಿ ಹೂತು, ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಹೆರೆದು ಗಾಜಿನ ಮೇಲೆ ಕೂರಿಸುವವಳು ನಾನು. ಒಂದು ಡಬ್ಬಿಯ ಚೀಟಿ ಅದಲುಬದಲಾದರೆ ಒಬ್ಬರ ಸಾವಿನ ಸುದ್ದಿ ಇನ್ನೊಬ್ಬರ ಮನೆಗೆ ಹೋಗುತ್ತದೆ. ಅಂಥ ಕಡೆ ಹಲ್ಲು ಕಿರಿದುಕೊಂಡು ಕೆಲಸ ಮಾಡು ಅಂದರೆ ಹೇಗೆ? ಹೊಸದಾಗಿ ಸೇರಿದವರಿಗೆ ಮೊದಲ ದಿನವೇ ಹೇಳಿಬಿಡುತ್ತೇನೆ: "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು. ಸ್ಲೈಡ್ ಬರೋವರೆಗೂ ಬಾಯಿ ಬಿಡಬೇಡ." ಬಾಯಿ ಬಿಟ್ಟವಳು ನಾನೇ.

ಮೂರು ತಿಂಗಳ ಹಿಂದೆ ಅಮ್ಮ ಪೇಪರಿನಲ್ಲಿ ಒಂದು ಫೋಟೊ ನೋಡಿದಳು. ಗೂಡ್ಸ್ ರೈಲು ನಿಲ್ಲುವ ಕಡೆ ತಲೆಗೆ ಪೆಟ್ಟು ಬಿದ್ದು ಸಿಕ್ಕಿದ ಮನುಷ್ಯ, ಹೆಸರು, ಊರು, ಮನೆ ಯಾವುದೂ ನೆನಪಿಲ್ಲ, ಗುರುತು ಹಿಡಿದವರು ನಿರಾಶ್ರಿತರ ಕೇಂದ್ರಕ್ಕೆ ತಿಳಿಸಿ ಎಂದು ಕೆಳಗೆ ಬರೆದಿತ್ತು. ಅಮ್ಮ ಕನ್ನಡಕ ತೆಗೆದಳು, ಒರೆಸಿದಳು, ಮತ್ತೆ ಹಾಕಿಕೊಂಡಳು. ಆಮೇಲೆ "ನನ್ನ ಮಗ" ಅಂದಳು.

ನನಗೊಬ್ಬ ತಮ್ಮ ಇದ್ದ. ಇಪ್ಪತ್ತನೇ ವಯಸ್ಸಿನಲ್ಲಿ ಅಪ್ಪನ ಜೊತೆ ಜಗಳ ಮಾಡಿಕೊಂಡು, ಊಟದ ತಟ್ಟೆಯ ಮುಂದಿನಿಂದ ಎದ್ದು ಹೋದವನು. ಹೋಗಿ ಇಪ್ಪತ್ಮೂರು ವರ್ಷ. ಅಪ್ಪ ಅವನ ದಾರಿ ನೋಡಿ ನೋಡಿಯೇ ಕಣ್ಣು ಮುಚ್ಚಿದರು. ಅಮ್ಮ ಮಾತ್ರ ಅವನ ತಟ್ಟೆಯನ್ನು ಇವತ್ತಿಗೂ ತೊಳೆದು ಇಡುತ್ತಾಳೆ.

ನಾನು ಬೇಡ ಬೇಡ ಅಂದರೂ ಹೋಗಿ ಕರೆದುಕೊಂಡೇ ಬಂದಳು. ಬಾಗಿಲಲ್ಲಿ ನಿಂತು ಅವನನ್ನು ಮೇಲಿಂದ ಕೆಳಗೆ ನೋಡಿದೆ. ಎತ್ತರ ಸರಿ. ಕಿವಿ ಸರಿ. ಆದರೆ ಇಪ್ಪತ್ತರ ಮುಖ ನಲವತ್ಮೂರಕ್ಕೆ ಹೇಗಾಗಿರುತ್ತದೆ ಎಂದು ಯಾರು ಹೇಳಬಲ್ಲರು? ಅಪ್ಪನ ಹಳೆಯ ಶರ್ಟು ಕೊಟ್ಟು, "ಬಟ್ಟೆ ಬದಲಾಯಿಸು" ಅಂದೆ. ಅವನು ಸಂಕೋಚಪಡುತ್ತಾ ಕೈ ಎತ್ತಿ ಶರ್ಟು ಬಿಚ್ಚಿದಾಗ ನಾನು ನೋಡಿದ್ದು ಒಂದೇ ಜಾಗ, ಎಡ ತೋಳಿನ ಒಳಮಗ್ಗುಲು. ಚರ್ಮ ನುಣ್ಣಗಿತ್ತು. ಅಲ್ಲಿ ಏನೂ ಇರಲಿಲ್ಲ.

ಇರಬೇಕಾಗಿತ್ತು. ನನಗೆ ಹದಿನಾಲ್ಕು, ಅವನಿಗೆ ಹನ್ನೊಂದು ಇದ್ದಾಗ ಆ ಜಾಗದಲ್ಲಿ ನಾನೇ ಹಚ್ಚೆ ಹಾಕಿದ್ದೆ. ಅಪ್ಪ ಅಂಗಡಿಗಳ ಬೋರ್ಡ್ ಬರೆಯುವವರು. ಅವರ ನೀಲಿ ಪುಡಿಗೆ ದೀಪದ ಮಸಿ ಕಲಸಿ, ಬಟ್ಟೆ ಹೊಲಿಯುವ ಸೂಜಿಗೆ ದಾರ ಸುತ್ತಿ, ಚುಕ್ಕಿ ಚುಕ್ಕಿಯಾಗಿ ಚುಚ್ಚಿದ್ದೆ. ಕೈ ಮೈಗೆ ಒತ್ತಿಕೊಂಡರೆ ಯಾರಿಗೂ ಕಾಣದ ಜಾಗ ಎಂದು ಅವನೇ ಆರಿಸಿದ್ದು. ಮೀನು ಬೇಕು ಅಂದಿದ್ದ. ಮೈ ಬಂತು, ರೆಕ್ಕೆ ಬಂತು, ಬಾಲ ಬಂತು. "ಅಲ್ಲಾಡಬೇಡ, ಕಣ್ಣೊಂದು ಬಾಕಿ" ಅನ್ನುವಷ್ಟರಲ್ಲಿ ಪುಣ್ಯಾತ್ಮ ಕೈ ಎಳೆದುಕೊಂಡ, ಕಣ್ಣು ಹೋಗಿ ಬಾಲದ ಬುಡದಲ್ಲಿ ಕೂತಿತು. ಬಾಲದಿಂದ ನೋಡುವ ಮೀನು. ಒಂದು ವಾರ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಪ್ಪನಿಗೆ ಗೊತ್ತಾದರೆ ಚರ್ಮ ಸುಲಿಯುತ್ತಾರೆ ಎಂದು ಯಾರಿಗೂ ಹೇಳಲಿಲ್ಲ. ಆ ಮೀನು ನಮ್ಮಿಬ್ಬರದೇ.

ಅವತ್ತು ಅಮ್ಮನನ್ನು ಅಡುಗೆಮನೆಗೆ ಕರೆದು ಹೇಳಿದೆ. "ಅಮ್ಮ, ಅವನ ತೋಳಲ್ಲಿ ಒಂದು ಹಚ್ಚೆ ಇತ್ತು. ನಾನೇ ಹಾಕಿದ್ದು. ಇವನಿಗೆ ಇಲ್ಲ."

"ಇತ್ತೋ ಇಲ್ವೋ," ಅಂದಳು ಅಮ್ಮ. "ನೀನು ಸೂಜಿ ಚುಚ್ಚಿದವಳು. ನಾನು ಹೆತ್ತವಳು."

"ರಕ್ತ ಪರೀಕ್ಷೆ ಮಾಡಿಸೋಣ. ಒಂದೇ ವಾರದಲ್ಲಿ ಗೊತ್ತಾಗುತ್ತೆ."

"ನನ್ನ ಮಗನಿಗೆ ಪರೀಕ್ಷೆಯಾ?" ಅಮ್ಮ ಸೌಟು ಕೆಳಗಿಟ್ಟಳು. "ನನ್ನ ಮೇಲೆ ಆಣೆ ಇಡು. ನನ್ನದಾಗಲಿ, ನಿನ್ನದಾಗಲಿ, ಅವನದಾಗಲಿ ಒಂದು ಹನಿ ರಕ್ತ ಎಲ್ಲಿಗೂ ಹೋಗಬಾರದು. ಹೋಯ್ತೋ, ನಾನು ಅನ್ನ ನೀರು ಬಿಟ್ಟೆ ಅಂತ ತಿಳ್ಕೋ."

ಆಣೆ ಇಟ್ಟೆ. ಅಮ್ಮ ಹೇಳಿದ್ದನ್ನು ಮಾಡುವವಳು.

ಹೀಗೆ ಒಬ್ಬ ಅಪರಿಚಿತ ನಮ್ಮ ಮನೆಯ ಹಾಲಿನಲ್ಲಿ ಮಲಗತೊಡಗಿದ. ಕೆಟ್ಟವನಲ್ಲ. ತಿಂದ ತಟ್ಟೆ ತಾನೇ ತೊಳೆಯುವವನು, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವವನು. ಆದರೆ ಅವನು ಮಾಡುವ ಕೆಲವು ಕೆಲಸ ನೋಡಿದರೆ ನನಗೆ ಮೈ ಜುಮ್ಮೆನ್ನುತ್ತಿತ್ತು. ಅಡುಗೆಮನೆಯ ಬಾಗಿಲು ದಾಟುವಾಗ ಪ್ರತಿ ಸಲವೂ ತಲೆ ತಗ್ಗಿಸುತ್ತಿದ್ದ. ಈ ಮನೆಯ ಬಾಗಿಲು ಏಳಡಿ ಇದೆ. ತಗ್ಗಿನ ಬಾಗಿಲು ಇದ್ದದ್ದು ನಾವು ಚಿಕ್ಕವರಿದ್ದಾಗಿನ ಬಾಡಿಗೆ ಮನೆಗೆ, ಅದನ್ನು ಕೆಡವಿ ಯಾವ ಕಾಲವಾಯಿತೋ. ಎತ್ತರದವರೆಲ್ಲ ತಗ್ಗಿಸುತ್ತಾರೆ ಎಂದು ಸಮಾಧಾನ ಮಾಡಿಕೊಂಡೆ.

ಇನ್ನೊಂದಿತ್ತು. ಏನಾದರೂ ಯೋಚಿಸುತ್ತಾ ಕೂತಾಗ ಅವನ ಬಲಗೈ ತಾನಾಗಿ ಹೋಗಿ ಎಡ ತೋಳಿನ ಒಳಮಗ್ಗುಲನ್ನು ಹೆಬ್ಬೆರಳಿನಿಂದ ಉಜ್ಜುತ್ತಿತ್ತು. ಅದೇ ಜಾಗವನ್ನು.

"ಅಲ್ಲೇನಿದೆ?" ಎಂದು ಒಂದು ದಿನ ಕೇಳಿದೆ.

ಅವನು ತನ್ನ ತೋಳನ್ನು ಬೇರೆ ಯಾರದ್ದೋ ಎಂಬಂತೆ ತಿರುಗಿಸಿ ನೋಡಿದ. "ಏನೂ ಇಲ್ವಲ್ಲ," ಅಂದ. ಆಮೇಲೆ ಕೇಳಿದ: "ಅಕ್ಕ, ನಾನು ಅವನೇನಾ? ಅಮ್ಮ ಹೌದು ಅಂತಾರೆ. ನೀವು ನೋಡೋದು ನೋಡಿದ್ರೆ ಅಲ್ಲ ಅನ್ಸುತ್ತೆ. ನನಗಂತೂ ಗೊತ್ತಿಲ್ಲ. ಇಬ್ಬರಲ್ಲಿ ಯಾರಾದ್ರೂ ಒಬ್ಬರು ಗಟ್ಟಿಯಾಗಿ ಹೇಳಿಬಿಟ್ರೆ ಅದನ್ನೇ ನಂಬ್ತೀನಿ."

ಲ್ಯಾಬಿಗೆ ಹೊತ್ತಾಯಿತು ಎಂದು ಎದ್ದೆ.

ಹೋದ ತಿಂಗಳು ಅವನ ಎಡ ಕಂಕುಳಲ್ಲಿ ಗಂಟು ಕಾಣಿಸಿಕೊಂಡಿತು. ಮೊದಲು ಕಡಲೆಕಾಳಿನಷ್ಟಿತ್ತು, ನೋಡನೋಡುತ್ತಾ ನಿಂಬೆಕಾಯಿಯಷ್ಟಾಯಿತು. ಅಮ್ಮ "ಬಂದವನನ್ನೂ ಕಳ್ಕೊಳ್ಳೋ ಹಾಗಾಗುತ್ತೇನೋ" ಎಂದು ಒಂದೇ ಸಮ ಅತ್ತಳು. ನಮ್ಮ ಆಸ್ಪತ್ರೆಯಲ್ಲೇ ತೋರಿಸಿದೆ. ಕ್ಯಾನ್ಸರೋ ಟಿಬಿಯೋ ಬರೀ ಬಾವೋ ಮುಟ್ಟಿ ನೋಡಿದರೆ ತಿಳಿಯುವುದಿಲ್ಲ, ತೆಗೆದು ಲ್ಯಾಬಿಗೆ ಕಳಿಸೋಣ ಅಂದರು ಸರ್ಜನ್.

ಲ್ಯಾಬು ಅಂದರೆ ನನ್ನ ಮೇಜು.

ಇಲ್ಲಿ ಒಂದು ವಿಷಯ ಹೇಳಬೇಕು. ರಕ್ತ ಓಡಾಡುವ ದಾರಿ ಎಲ್ಲರಿಗೂ ಗೊತ್ತು. ಮೈಯೊಳಗೆ ಇನ್ನೊಂದು ದಾರಿಯಿದೆ, ಅದನ್ನು ಯಾರೂ ನೆನೆಯುವುದಿಲ್ಲ. ರಕ್ತನಾಳದಿಂದ ಜಿನುಗಿ ಮಾಂಸದ ಸಂದಿಯಲ್ಲಿ ಉಳಿದ ನೀರು ಕೂದಲಿಗಿಂತ ಸಣ್ಣ ಕಾಲುವೆಗಳಿಗೆ ಇಳಿಯುತ್ತದೆ. ಪುಸ್ತಕದಲ್ಲಿ ದುಗ್ಧರಸ ಅನ್ನುತ್ತಾರೆ, ಆದರೆ ಹಾಲು ಹೆಸರಿನಲ್ಲಿ ಮಾತ್ರ. ಇದು ಹೆಚ್ಚಾಗಿ ತಿಳಿನೀರು. ಇದಕ್ಕೆ ಹೃದಯವಿಲ್ಲ, ದೂಡುವವರಿಲ್ಲ. ನಾವು ನಡೆದರೆ, ಕೈ ಬೀಸಿದರೆ, ಉಸಿರಾಡಿದರೆ ಅದೂ ಮೆಲ್ಲಗೆ ಸಾಗುತ್ತದೆ. ದಾರಿಯುದ್ದಕ್ಕೂ ಚೌಕಿಗಳಿವೆ, ಕುತ್ತಿಗೆಯಲ್ಲಿ, ಕಂಕುಳಲ್ಲಿ, ತೊಡೆಸಂದಿಯಲ್ಲಿ. ಆ ಚೌಕಿಗಳೇ ಈ ಗಂಟುಗಳು. ಹೊರಗಿನಿಂದ ಬಂದದ್ದನ್ನೆಲ್ಲ ಅಲ್ಲಿ ಕಾವಲಿನವರು ತಡೆದು ನಿಲ್ಲಿಸಿ ನೀನು ಯಾರು ಎಂದು ಕೇಳುತ್ತಾರೆ. ಶತ್ರುವಾದರೆ ಹೊಡೆಯುತ್ತಾರೆ, ಹೊಡೆದವನ ಚಹರೆಯನ್ನು ವರ್ಷಗಟ್ಟಲೆ ನೆನಪಿಟ್ಟುಕೊಳ್ಳುತ್ತಾರೆ. ಅರಗಿಸಲಾಗದ್ದು ಬಂದರೆ ನುಂಗಿ ಅಲ್ಲೇ ಇಟ್ಟುಕೊಳ್ಳುತ್ತಾರೆ. ಹಚ್ಚೆಯ ಬಣ್ಣ ಅಂಥದ್ದು. ಚುಚ್ಚಿದ ಬಣ್ಣದಲ್ಲಿ ಒಂದಿಷ್ಟು ಸೋರಿ ಚೌಕಿಗೆ ಬಂದು ಸೇರುತ್ತದೆ, ಮತ್ತೆ ಹೊರಗೆ ಹೋಗುವುದಿಲ್ಲ. ನುಂಗಿದ ಜೀವಕಣ ಸತ್ತರೆ ಪಕ್ಕದ ಕಣ ಅದನ್ನು ಎತ್ತಿ ನುಂಗುತ್ತದೆ. ಎಡಗೈಯ ಬಣ್ಣಕ್ಕೆ ಎಡ ಕಂಕುಳೇ ಚೌಕಿ.

ಆಣೆ ಇಟ್ಟದ್ದು ರಕ್ತಕ್ಕೆ. ಗಂಟಿನ ಬಗ್ಗೆ ಅಮ್ಮ ಏನೂ ಹೇಳಿರಲಿಲ್ಲ.

ಸೋಮವಾರ ಆಪರೇಷನ್ ಆಯಿತು. ಹೊಲಿಗೆ ಬಿಚ್ಚಲು ಮುಂದಿನ ಸೋಮವಾರ ಬರಬೇಕೆಂದು ಚೀಟಿ ಬರೆದುಕೊಟ್ಟು ಸಂಜೆಗೆ ಮನೆಗೆ ಕಳಿಸಿದರು. ಮಂಗಳವಾರ ಬೆಳಗ್ಗೆ ಡಬ್ಬಿ ನನ್ನ ಮುಂದಿತ್ತು. ನನ್ನ ಕೋಟಿನ ಜೇಬಿನಲ್ಲಿ ಯಾವಾಗಲೂ ಎರಡು ಪೆನ್ನು ಇರುತ್ತವೆ, ನೀಲಿ ಎಲ್ಲ ಡಬ್ಬಿಗೂ, ಕೆಂಪು ಅರ್ಜೆಂಟ್ ಡಬ್ಬಿಗೆ. ಇದಕ್ಕೆ ಕೆಂಪಿನಲ್ಲಿ ಗೀಟು ಎಳೆದೆ. ಸಣ್ಣ ಗಂಟುಗಳನ್ನು ನಮ್ಮ ಲ್ಯಾಬಿನ ಡಾಕ್ಟರಮ್ಮ ನನಗೇ ಬಿಟ್ಟಿರುತ್ತಾರೆ. ಗಂಟನ್ನು ಉದ್ದಕ್ಕೆ ಸೀಳಬೇಕು, ಎರಡೂ ಹೋಳನ್ನು ಮತ್ತೆ ತೆಳ್ಳಗೆ ಕೊಯ್ದು ಎಲ್ಲ ಮುಖವನ್ನೂ ನೋಡಬೇಕು. ನಿದ್ದೆಗಣ್ಣಲ್ಲೂ ಮಾಡುತ್ತೇನೆ. ಅವತ್ತು ಆತುರಬಿದ್ದೆ. ಅಲಗು ಜಾರಿ ಒಂದು ತುದಿಯಲ್ಲಿ ಅಡ್ಡ ಕೊಯ್ದೆ. ಗೋಡಂಬಿಯ ಬಣ್ಣ. ಒಂದು ಚುಕ್ಕಿ ನೀಲಿಯಿಲ್ಲ.

ಇನ್ನೊಂದು ಸಲ ಕೊಯ್ದು ನೋಡಬೇಕಾಗಿತ್ತು. ನೋಡಲಿಲ್ಲ. ಮೂರು ತಿಂಗಳಿಂದ ನಾನು ಹೇಳುತ್ತಾ ಬಂದದ್ದೇ ಸರಿ ಎಂಬ ಸಂತೋಷ ತಲೆಗೇರಿತ್ತು. ಉಳಿದ ದೊಡ್ಡ ಹೋಳನ್ನು ಹಾಗೇ ಮುಂದಿನ ಕೆಲಸಕ್ಕೆ ಕಳಿಸಿಬಿಟ್ಟೆ.

ಸಂಜೆ ಅಮ್ಮ ಸ್ನಾನಕ್ಕೆ ಹೋಗಿದ್ದಳು. ಅವನು ಕಿಟಕಿಯ ಬಳಿ ಕೂತು ತೋಳು ಉಜ್ಜಿಕೊಳ್ಳುತ್ತಿದ್ದ.

"ನೀನು ನನ್ನ ತಮ್ಮ ಅಲ್ಲ," ಅಂದೆ. "ಇವತ್ತು ಕಣ್ಣಾರೆ ನೋಡಿದೆ. ಅವನ ಮೈಯಲ್ಲಿ ಇರಬೇಕಾದ್ದು ನಿನ್ನ ಮೈಯಲ್ಲಿಲ್ಲ. ಅಮ್ಮನ ಆಸೆ ಇನ್ನೂ ಬೇರು ಬಿಡೋಕೆ ಮುಂಚೆ ಹೊರಟುಬಿಡು."

ಅವನು ಬೇಜಾರು ಮಾಡಿಕೊಳ್ಳುತ್ತಾನೆ, ಬೇಡಿಕೊಳ್ಳುತ್ತಾನೆ ಅಂದುಕೊಂಡಿದ್ದೆ. ಅವನ ಮುಖ ಹಗುರವಾಯಿತು. "ಖಂಡಿತವಾ?" ಎಂದು ಕೇಳಿದ.

"ಖಂಡಿತ."

"ಸರಿ ಹಾಗಾದ್ರೆ," ಅಂದ. "ಯಾರೋ ಒಬ್ಬರು ಗಟ್ಟಿಯಾಗಿ ಹೇಳಿದ್ರಲ್ಲ, ಅಷ್ಟು ಸಾಕು."

ಬೆಳಗ್ಗೆ ಎದ್ದಾಗ ಹಾಸಿಗೆ ಮಡಚಿಟ್ಟಿತ್ತು. ಅಪ್ಪನ ಶರ್ಟನ್ನು ಒಗೆದು ಒಣಗಲು ಹಾಕಿ ಹೋಗಿದ್ದ. ಅಮ್ಮ ಎರಡು ತಟ್ಟೆ ಹಾಕುವ ಕಡೆ ಮೂರು ಹಾಕಿದಳು, ಮೂರನೆಯದಕ್ಕೂ ಬಡಿಸಿದಳು. ಆ ತಟ್ಟೆಯ ಮುಂದೆ ಕೂತು ತುತ್ತು ಇಳಿಯಲಿಲ್ಲ, ನಿಜ. ಆದರೂ ಮಾಡಿದ್ದು ಸರಿ ಎಂದೇ ನನ್ನ ಹಟ. ಅವತ್ತು ರಜೆ ಹಾಕಿ ಅಮ್ಮನ ಪಕ್ಕದಲ್ಲೇ ಇದ್ದೆ, ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು.

ಗುರುವಾರ ಲ್ಯಾಬಿಗೆ ಹೋದಾಗ ಡಾಕ್ಟರಮ್ಮ ಮೈಕ್ರೋಸ್ಕೋಪಿನಿಂದ ತಲೆ ಎತ್ತದೆ ಕೇಳಿದರು. "ಈ ಕಂಕುಳ ಗಂಟು ಯಾರು ಕೊಯ್ದಿದ್ದು? ಅಡ್ಡಾದಿಡ್ಡಿ ಇದೆ."

"ನಾನೇ."

"ನೀವಾ?" ಅವರಿಗೆ ನಗು ಬಂತು. "ಬೈಯೋಕೆ ಒಂದು ಸಲ ನಮಗೂ ಅವಕಾಶ ಸಿಕ್ತು ಬಿಡಿ. ಕೆಟ್ಟದ್ದೇನಿಲ್ಲ. ಕ್ಯಾನ್ಸರ್ ಅಲ್ಲ, ಟಿಬಿ ಅಲ್ಲ, ಯಾವುದೋ ಗಾಯದ ಸೋಂಕಿಗೆ ಊದಿಕೊಂಡಿದೆ. ಆದರೆ ಇವರಿಗೆ ಹಚ್ಚೆ ಇದೆಯಾ?"

"ಇಲ್ಲ. ತೋಳು ನುಣ್ಣಗಿದೆ."

"ಈಗ ಇರಲಿಕ್ಕಿಲ್ಲ. ಲೇಸರಿನಲ್ಲಿ ತೆಗೆಸಿದ್ರೆ ಎಷ್ಟೋ ಜನಕ್ಕೆ ಗುರುತೇ ಉಳಿಯಲ್ಲ, ಆ ಬಣ್ಣದಲ್ಲಿ ಬಹಳಷ್ಟು ಪುಡಿಯಾಗಿ ಇಲ್ಲಿಗೇ ಬರುತ್ತೆ. ಚರ್ಮ ಮರೆತ್ರೂ ಇದು ಮರೆಯಲ್ಲ. ಬನ್ನಿ, ನೋಡಿ."

ಕಣ್ಣಿಟ್ಟೆ. ದೊಡ್ಡ ಹೋಳಿನ ನಟ್ಟನಡುವೆ, ನಾನು ಕೊಯ್ಯದೇ ಬಿಟ್ಟ ಜಾಗದಲ್ಲಿ, ನೀಲಿ ಮತ್ತು ಕಪ್ಪು ಪುಡಿ ರಾಶಿ ರಾಶಿಯಾಗಿ ಕೂತಿತ್ತು. ಅಪ್ಪನ ಬೋರ್ಡಿನ ನೀಲಿ. ಮೂವತ್ತೆರಡು ವರ್ಷದಿಂದ ಒಂದು ಕಣ ಸತ್ತರೆ ಇನ್ನೊಂದು ಕಣ ಎತ್ತಿಕೊಂಡು, ಕೈಯಿಂದ ಕೈಗೆ ದಾಟಿಸುತ್ತಾ, ನನ್ನ ಮೀನನ್ನು ಕತ್ತಲಲ್ಲಿ ಕಾಯುತ್ತಾ ಕೂತಿದ್ದವು. ಅವನ ತಲೆ ಮರೆತಿತ್ತು, ಚರ್ಮ ಮರೆತಿತ್ತು. ನಾನಂತೂ ಅಲ್ಲವೇ ಅಲ್ಲ ಎಂದು ಹೇಳಿ ಕಳಿಸಿದ್ದೆ.

"ಪಕ್ಕದಲ್ಲಿ ಕೆಂಪೂ ಇದೆ, ಕಾಣಿಸ್ತಾ?" ಅಂದರು ಡಾಕ್ಟರಮ್ಮ. "ಎರಡು ಬಣ್ಣ. ಬೇರೆ ಬೇರೆ ಸಲ ಹಾಕಿಸ್ಕೊಂಡಿರಬೇಕು."

ಇತ್ತು. ಸಣ್ಣ ಸಣ್ಣ ಕೆಂಪು ಹರಳು. ನಾನು ಕೆಂಪು ಹಾಕಿರಲಿಲ್ಲ. ನಾನು ಕಲಸಿದ್ದು ನೀಲಿ, ಮಸಿ ಎರಡೇ. ಆ ಇಪ್ಪತ್ಮೂರು ವರ್ಷದಲ್ಲಿ ಯಾವಾಗಲೋ, ಯಾರೋ, ನನ್ನ ಮೀನಿನ ಹತ್ತಿರ ಕೆಂಪಿನಲ್ಲಿ ಏನನ್ನೋ ಚುಚ್ಚಿದ್ದರು.

"ಈ ಗಂಟುಗಳಿಗೆ ಶತ್ರುವನ್ನ ಹೊಡೆಯೋದು ದೊಡ್ಡ ಕೆಲಸ ಅಲ್ಲ," ಡಾಕ್ಟರಮ್ಮ ವರದಿ ಬರೆಯುತ್ತಾ ತಮ್ಮಷ್ಟಕ್ಕೆ ಹೇಳಿಕೊಂಡರು. "ತಮ್ಮವರನ್ನ ಹೊಡೆಯದೇ ಇರೋದೇ ಕಷ್ಟ. ಅದು ತಪ್ಪಿದ್ರೆ ಔಷಧಿ ಹುಡುಕೋದೂ ಕಷ್ಟ."

ಬೇಲಿಯೇ ಎದ್ದು ಹೊಲ ಮೇಯ್ದ ಮೇಲೆ ಯಾರಿಗೆ ದೂರು ಕೊಡುವುದು! ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಕೋಟು ಬಿಚ್ಚುವುದನ್ನೂ ಮರೆತು ಬೀದಿಗೆ ಬಂದೆ. ನಿರಾಶ್ರಿತರ ಕೇಂದ್ರದಲ್ಲಿ ಬಂದಿಲ್ಲ ಅಂದರು. ಬಸ್ ನಿಲ್ದಾಣದ ಬೆಂಚುಗಳು, ರೈಲು ನಿಲ್ಲುವ ಕಡೆ, ಸೇತುವೆಯ ಕೆಳಗೆ, ಎಲ್ಲ ನೋಡಿದೆ. ನಾಲ್ಕು ದಿನ ಹುಡುಕಿದೆ. ಏನು ಹೆಸರು ಹಿಡಿದು ಕೂಗುವುದು ಎಂದೇ ತಿಳಿಯುತ್ತಿರಲಿಲ್ಲ. ತಮ್ಮನ ಹೆಸರಿಗೆ ಅವನು ತಿರುಗಿ ನೋಡುವುದಿಲ್ಲ, ನೋಡಬಾರದೆಂದು ನಾನೇ ಹೇಳಿದ್ದೇನೆ. ಅಮ್ಮನಿಗೆ ಎಲ್ಲ ಹೇಳಿದೆ, ಕಾಲು ಹಿಡಿದುಕೊಂಡೇ ಹೇಳಿದೆ. ಅಮ್ಮ ಬೈಯಲಿಲ್ಲ. "ಕರ್ಕೊಂಡು ಬಾ" ಅಂದಳು, ಅಷ್ಟೇ.

ಸೋಮವಾರ ಹೊಲಿಗೆ ಬಿಚ್ಚುವ ದಿನ. ಇನ್ನೆಲ್ಲಿ ಹೋಗಲಿ? ಆಸ್ಪತ್ರೆಯ ಬಾಗಿಲು ತೆರೆಯುವ ಮುಂಚೆಯೇ ಡ್ರೆಸ್ಸಿಂಗ್ ರೂಮಿನ ಎದುರಿನ ಬೆಂಚಿನಲ್ಲಿ ಕೂತೆ. ಹತ್ತು ಗಂಟೆಯಾಯಿತು, ಹನ್ನೊಂದಾಯಿತು. ಕೈ ಮುರಿದವರು ಬಂದರು, ಕಾಲು ಸುಟ್ಟವರು ಬಂದರು. ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಅವನು ಚೀಟಿ ಹಿಡಿದುಕೊಂಡು ಬಂದ. ಬಾಗಿಲು ದಾಟುವಾಗ ತಲೆ ತಗ್ಗಿಸಿದ. ನಾನೂ ಹಿಂದೆಯೇ ಒಳಗೆ ಹೋದೆ.

ನರ್ಸು ಹೊಲಿಗೆ ಬಿಚ್ಚಿ, ಬಟ್ಟೆ ಕಟ್ಟಿ, ಮುಂದಿನವರನ್ನು ಕರೆಯಲು ಹೊರಗೆ ಹೋದಳು. ಅವನು ಶರ್ಟು ಹಾಕಿಕೊಳ್ಳದೆ ಸ್ಟೂಲಿನ ಮೇಲೆ ಕೂತಿದ್ದ.

"ನಾನು ಹೇಳಿದ್ದು ತಪ್ಪು," ಅಂದೆ. "ನೀನೇ ಅವನು. ಪೂರ್ತಿ ನೋಡದೆ ಬಾಯಿಗೆ ಬಂದದ್ದು ಹೇಳಿಬಿಟ್ಟೆ ಕಣೋ. ತಪ್ಪಾಯ್ತು."

ಅವನು ನನ್ನನ್ನು ದಾಕ್ಷಿಣ್ಯದಿಂದ ನೋಡಿದ, ದಾರಿ ಕೇಳಿದವರನ್ನು ನೋಡುವಂತೆ. "ಹೋದ ವಾರ ಅಲ್ಲ ಅಂದ್ರಿ. ಈ ವಾರ ಹೌದು ಅಂತೀರಿ. ಬರೋ ವಾರ ಇನ್ನೊಂದು ಚೂರು ನೋಡಿ ಮತ್ತೆ ಅಲ್ಲ ಅಂದ್ರೆ?" ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ಯಾರೂ ಅಲ್ಲದೆ ಇರೋದು ಈಗ ಸ್ವಲ್ಪ ಅಭ್ಯಾಸ ಆಗಿದೆ ಮೇಡಂ."

ಅಕ್ಕ ಹೋಗಿ ಮೇಡಂ ಆಗಿದ್ದೆ. ಕಣ್ಣೀರು ಧಾರೆಯಾಗಿ ಇಳಿಯಿತು, ನರ್ಸು ತಿರುಗಿ ಬಂದರೆ ಮರ್ಯಾದೆ ಹೋಗುತ್ತದೆ ಎಂಬ ಪರಿವೆಯೂ ಇಲ್ಲದೆ ಅತ್ತೆ. ಏನು ಹೇಳಿದರೂ ಮಾತು, ನನ್ನ ಮಾತಿಗೆ ಬೆಲೆ ಎಲ್ಲಿ ಉಳಿದಿತ್ತು? ಕೋಟಿನ ಜೇಬಿಗೆ ಕೈ ಹಾಕಿದಾಗ ನೀಲಿ ಪೆನ್ನು ಸಿಕ್ಕಿತು.

"ಕೈ ಕೊಡು," ಅಂದೆ. "ಅಲ್ಲಾಡಬೇಡ."

ಗಾಯದ ಬಟ್ಟೆಗಿಂತ ಮೂರು ಬೆರಳು ಕೆಳಗೆ, ಆ ಜಾಗದಲ್ಲಿ, ಮೀನಿನ ಮೈ ಬರೆದೆ. ರೆಕ್ಕೆ ಬರೆದೆ. ಬಾಲ ಬರೆದೆ. ಅವನು ಉಸಿರು ಬಿಗಿಹಿಡಿದಿದ್ದ. ನಾನು ಕಣ್ಣು ಬರೆಯದೆ ಪೆನ್ನು ಎತ್ತಿ ಹಿಡಿದೆ. ಕಣ್ಣಿನ ವಿಷಯ ಅಮ್ಮನಿಗೂ ಹೇಳಿರಲಿಲ್ಲ, ಭೂಮಿಯ ಮೇಲೆ ಯಾರಿಗೂ ಹೇಳಿರಲಿಲ್ಲ.

ಅವನು ಪೆನ್ನನ್ನು ನನ್ನ ಕೈಯಿಂದ ತೆಗೆದುಕೊಂಡ. ಕತ್ತು ವಾಲಿಸಿ ತೋಳನ್ನು ನೋಡಿಕೊಳ್ಳುತ್ತಾ, ಬಾಲದ ಬುಡದಲ್ಲಿ ಒಂದು ಚುಕ್ಕಿ ಇಟ್ಟ.

ನಾನು ಬಗ್ಗಿ ಆ ಚುಕ್ಕಿ ನೋಡಿದೆ. "ಕಣ್ಣು ಅಲ್ಲಿರುತ್ತೇನೋ, ಮಂಗ?"

"ಬೇರೆ ಮೀನಿಗೆ ಇರಲ್ಲ," ಅಂದ. "ಇದಕ್ಕೆ ಇಲ್ಲೇ." ತನ್ನ ಮಾತಿಗೆ ತಾನೇ ಬೆಚ್ಚಿದವನಂತೆ ನನ್ನ ಮುಖ ನೋಡಿದ. "ಅಕ್ಕ, ನಾನು ಕೈ ಎಳೆದುಬಿಟ್ಟೆ ಅಲ್ವಾ?"

ಹೌದು ಎಂದು ತಲೆ ಆಡಿಸಿದೆ. ಅವನನ್ನು ತಬ್ಬಿಕೊಂಡೆ, ಗಾಯಕ್ಕೆ ತಾಗದಂತೆ. ಸ್ಪಿರಿಟ್ಟಿನ ವಾಸನೆ, ಬೆವರಿನ ವಾಸನೆ, ನನ್ನ ತಮ್ಮ. ಅಮ್ಮನಿಗೆ ಏನು ಹೇಳಲಿ, ಹೇಗೆ ಹೇಳಲಿ ಎಂದು ನಗುತ್ತಾ ಅಳುತ್ತಾ ಯೋಚಿಸುತ್ತಿದ್ದೆ.

ಅವನು ಮೆಲ್ಲಗೆ ಬಿಡಿಸಿಕೊಂಡ. ಮತ್ತೆ ತೋಳನ್ನು ತಿರುಗಿಸಿ ಮೀನನ್ನು ನೋಡತೊಡಗಿದ. ಹೆಬ್ಬೆರಳು ಅದರ ಸುತ್ತ ಒಂದು ಸುತ್ತು ಹೋಯಿತು, ಇನ್ನೊಂದು ಸುತ್ತು ಹೋಯಿತು, ಏನನ್ನೋ ತಡಕಾಡಿತು.

"ಕೆಂಪು ಪೆನ್ನು ಇದೆಯಾ?" ಎಂದು ಕೇಳಿದ.

"ಯಾಕೆ?"

"ಇದರ ಪಕ್ಕದಲ್ಲಿ ಏನೋ ಇತ್ತು. ಕೆಂಪು. ಒಂದು ಸಣ್ಣ ಕೈ ನನ್ನ ತೋಳು ಹಿಡ್ಕೊಂಡಿತ್ತು, ಅಲ್ಲಾಡಬೇಡ ಅಂತ..." ಅವನ ಹುಬ್ಬು ಗಂಟಿಕ್ಕಿತು. "ಯಾರೋ ಕಾಯ್ತಾ ಇದ್ದಾರೆ ಅನ್ಸುತ್ತೆ ಅಕ್ಕ. ಬರೆದು ನೋಡಿದ್ರೆ ಗೊತ್ತಾಗುತ್ತೇನೋ."

ಜೇಬಿನೊಳಗೆ ನನ್ನ ಬೆರಳುಗಳು ಕೆಂಪು ಪೆನ್ನನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದವು.

"ಇಲ್ಲ," ಅಂದೆ. "ನಡಿ, ಅಮ್ಮ ಊಟಕ್ಕೆ ಕಾಯ್ತಾ ಇದ್ದಾಳೆ."